ಎಳೆಯೋದು ಸುಲಭ, ನಿಲ್ಲಿಸೋದೇ ಲೆಕ್ಕ

ನಮ್ಮ ಮಾವನ ಜೀಪು 1968ರದ್ದು. ನನಗಿಂತ ಎಷ್ಟೋ ವರ್ಷ ದೊಡ್ಡದು. ಮೂಡಿಗೆರೆ ಕಡೆಯ ಅವರ ತೋಟದಲ್ಲಿ ಗೊಬ್ಬರ, ಸೌದೆ, ಕಾಫಿ ಚೀಲ, ಮದುವೆಗೆ ಬಂದ ನೆಂಟರು ಎಲ್ಲವನ್ನೂ ಅದು ಹೊತ್ತಿದೆ. ಅದರ ಹಿಂದೆ ಸಿಕ್ಕಿಸುವ ಎರಡು ಚಕ್ರದ ಸಣ್ಣ ಟ್ರೇಲರ್ ಕೂಡ ಇದೆ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನಾವೆಲ್ಲ ಅದರಲ್ಲಿ ಕೂತು ತೋಟ ಸುತ್ತಿದವರೇ.

ಹೋದ ಶಿವರಾತ್ರಿ ರಜೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಾವನಿಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು. ಕಣದಲ್ಲಿ ಒಣಗಿದ ರೊಬಸ್ಟಾ ಚೆರಿ ಚೀಲಕ್ಕೆ ತುಂಬಿ ರೆಡಿ ಇತ್ತು. ಕೊಳ್ಳುವವರ ಮಂಡಿ 9 ಕಿಲೋಮೀಟರ್ ದೂರ. "ನಾನೇ ಹಾಕ್ಕೊಂಡು ಹೋಗ್ತೀನಿ ಬಿಡಿ ಮಾವ" ಅಂದೆ. ಬೆಂಗಳೂರಿನಲ್ಲಿ ದಿನಾ ಕಾರು ಓಡಿಸ್ತೀನಿ, ಈ ಜೀಪನ್ನೂ ತೋಟದೊಳಗೆ ಎಷ್ಟೋ ಸಲ ಓಡಿಸಿದ್ದೆ. ಮಾವ ಒಂದು ಕ್ಷಣ ನನ್ನ ಮುಖ ನೋಡಿ, "ನಾಕೇ ಚೀಲ ಹಾಕು, ಎರಡು ಟ್ರಿಪ್ ಮಾಡು" ಅಂದರು.

ನಾಲ್ಕೇ ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಟ್ಟು ಏಳು ಚೀಲ ಇತ್ತು. ಟ್ರೇಲರ್‌ನಲ್ಲಿ ಜಾಗ ಬೇಕಾದಷ್ಟಿತ್ತು. ಜೀಪಿಗಂತೂ ಶಕ್ತಿಗೆ ಕೊರತೆಯಿಲ್ಲ, 2.2 ಲೀಟರ್ ಎಂಜಿನ್ನು. ಎರಡನೇ ಟ್ರಿಪ್ ಅಂದ್ರೆ ಇನ್ನೊಂದು ಮುಕ್ಕಾಲು ಗಂಟೆ ದಂಡ. ಮಾವ ಒಳಗೆ ಮಲಗಿದ್ದರು. ಏಳೂ ಚೀಲ ಹಾಕಿಸಿದೆ. ಟ್ರೇಲರ್‌ನ ಮುಂಭಾಗದಲ್ಲಿ ಪ್ಲಾಸ್ಟಿಕ್ಕಿನ ಖಾಲಿ ಡ್ರಮ್ ಕೂತಿತ್ತು, ಅದನ್ನು ಇಳಿಸೋ ಗೋಜಿಗೆ ಹೋಗಲಿಲ್ಲ. ಇಳಿಸುವಾಗ ಸುಲಭ ಆಗಲಿ ಅಂತ ಚೀಲಗಳನ್ನೆಲ್ಲ ಹಿಂದಿನ ಬಾಗಿಲ ಹತ್ತಿರವೇ ಒಟ್ಟಿಸಿದೆ.

ಆಮೇಲೆ ಟ್ರೇಲರ್‌ನ ಮೂಕಿ ಎತ್ತಿ ಜೀಪಿನ ಕೊಕ್ಕೆಗೆ ಸಿಕ್ಕಿಸಬೇಕಲ್ಲ, ಒಂದೇ ಕೈಯಲ್ಲಿ ಎದ್ದು ಬಂತು. 'ಅರೆ, ಎಷ್ಟು ಹಗುರ!' ಅಂತ ಖುಷಿಯಾಯ್ತು. ಆ ಖುಷಿಯ ಬಗ್ಗೆ ಆಮೇಲೆ ಹೇಳ್ತೀನಿ.

ಹೊರಡೋ ಹೊತ್ತಿಗೆ ಮಗಳು ಓಡಿ ಬಂದು ಚೀಲಗಳ ಮೇಲೆ ಹತ್ತಿ ಕೂತಳು. "ಅಮ್ಮಾ, ನಾನು ಇಲ್ಲೇ ಕೂರ್ತೀನಿ." ನಾನು "ಗಟ್ಟಿ ಹಿಡ್ಕೊ" ಅಂದುಬಿಟ್ಟೆ. ನಾವೂ ಹಾಗೇ ಕೂತು ಬೆಳೆದವರಲ್ವಾ? ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು. "ಇಳಿ ಪುಟ್ಟಿ ಕೆಳಗೆ. ಅದು ಸಾಮಾನು ಹಾಕೋ ಜಾಗ" ಅಂತ ರಟ್ಟೆ ಹಿಡಿದು ಇಳಿಸಿಯೇಬಿಟ್ಟರು. ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು. ನಾನೊಬ್ಬಳೇ ಹೊರಟೆ.

ಇಳಿಜಾರಿನಲ್ಲಿ ಆಗಿದ್ದು

ತೋಟದ ಗೇಟಿನಿಂದ ಕೆಳಗಿನ ಹಳ್ಳದ ಸೇತುವೆವರೆಗೆ ಒಂದೂವರೆ ಕಿಲೋಮೀಟರ್ ಇಳಿಜಾರು. ಅಷ್ಟರಲ್ಲಿ ಸುಮಾರು 100 ಮೀಟರ್ ಕೆಳಗಿಳೀತೀವಿ. ಎರಡನೇ ಗೇರಿನಲ್ಲಿ ಇಳಿಯೋಕೆ ಶುರು ಮಾಡಿದೆ. ಮೊದಲ ತಿರುವಿನ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಸ್ಟೇರಿಂಗ್ ಯಾಕೋ ಸಡಿಲ ಆದ ಹಾಗೆ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಹಸು ಬಾಲ ಬೀಸಿದ ಹಾಗೆ ಎಡಕ್ಕೆ ಬಲಕ್ಕೆ ಆಡ್ತಾ ಇದೆ. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಬಾಲ ಇನ್ನೂ ಜೋರಾಗಿ ಬೀಸಿತು. ಬಿಟ್ಟೆ. ಮತ್ತೆ ಒತ್ತಿದೆ. ಹೀಗೆ ಒತ್ತಿ, ಬಿಟ್ಟು, ಒತ್ತಿ ಎರಡನೇ ತಿರುವಿಗೆ ಬರುವಷ್ಟರಲ್ಲಿ ಪೆಡಲ್ ಮೊದಲಿಗಿಂತ ತುಂಬ ಕೆಳಗೆ ಹೋಗ್ತಿತ್ತು. ಸುಟ್ಟ ವಾಸನೆ ಮೂಗಿಗೆ ಹೊಡೀತು.

ಆಗ ಮಾಡಿದ ತಪ್ಪೇ ದೊಡ್ಡದು. ಒಂದನೇ ಗೇರಿಗೆ ಹಾಕಿದರೆ ಎಂಜಿನ್ ತಡೆಯುತ್ತೆ ಅಂದುಕೊಂಡು ಕ್ಲಚ್ ಒತ್ತಿ ಎರಡರಿಂದ ತೆಗೆದೆ. ಈ ಜೀಪಿನ ಮೂರು ಗೇರಿನ ಪೆಟ್ಟಿಗೆಯಲ್ಲಿ ಎರಡು ಮತ್ತು ಮೂರಕ್ಕೆ ಮಾತ್ರ ಸಿಂಕ್ರೊಮೆಶ್ ಇದೆ, ಒಂದನೆಯದಕ್ಕಿಲ್ಲ. ಅಂದ್ರೆ ಗಾಡಿ ಓಡುತ್ತಿರುವಾಗ ಒಂದನೇ ಗೇರು ಸುಮ್ಮನೆ ಬೀಳೋದಿಲ್ಲ. ಕರಕರ ಅಂತ ಹಲ್ಲು ಕಡಿಯೋ ಸದ್ದು ಬಂತು, ಗೇರು ಬೀಳಲಿಲ್ಲ. ಇಳಿಜಾರಿನ ಮಧ್ಯೆ, ಬ್ರೇಕ್ ಸೋತಿರುವಾಗ, ಬೆನ್ನಿಗೆ ಅರ್ಧ ಟನ್ನಿಗೂ ಹೆಚ್ಚು ಭಾರ ತಳ್ಳುತ್ತಿರುವಾಗ ನಾನು ನ್ಯೂಟ್ರಲ್‌ನಲ್ಲಿದ್ದೆ.

ಹೇಗೋ ಮತ್ತೆ ಎರಡಕ್ಕೆ ತಳ್ಳಿದೆ, ಬಿತ್ತು. ಹ್ಯಾಂಡ್‌ಬ್ರೇಕ್ ಎಳೆದೆ. ಬಲಗಡೆ ಕೊರಕಲು, ಎಡಗಡೆ ಧರೆ. ಎಡಕ್ಕೆ ತಿರುಗಿಸಿ ಮುಂದಿನ ಚಕ್ರವನ್ನು ಚರಂಡಿಗೆ ಇಳಿಸಿದೆ. ಜೀಪು ಧರೆಯ ಮಣ್ಣನ್ನು ಉಜ್ಜಿಕೊಂಡು ಹೋಗಿ ನಿಂತಿತು. ಟ್ರೇಲರ್ ನಿಲ್ಲಲಿಲ್ಲ. ಜೀಪಿನ ಪಕ್ಕಕ್ಕೆ ಮಡಚಿಕೊಂಡು ಬಂದು ಬಲಕ್ಕೆ ಮಗುಚಿತು. ಚೀಲಗಳು ರಸ್ತೆಗೆ ಬಿದ್ದವು. ಎರಡು ಹರಿದು ಚೆರಿ ಚೆಲ್ಲಿತು. ಒಂದು ಚೀಲ ಉರುಳಿ ಕೊರಕಲಿನೊಳಗೆ ಹೋಯ್ತು.

ನನಗೆ ಒಂದು ಗೀರೂ ಆಗಲಿಲ್ಲ. ಎದುರಿಗೆ ಯಾರೂ ಬರಲಿಲ್ಲ. ಕೆಳಗಿಳಿದು ಆ ಕೊರಕಲಿನಲ್ಲಿ ಬಿದ್ದಿದ್ದ ಚೀಲ ನೋಡಿದಾಗ ಮಾತ್ರ ಕಾಲು ನಡುಗಿ ರಸ್ತೆಯಲ್ಲೇ ಕೂತುಬಿಟ್ಟೆ. ಹತ್ತು ನಿಮಿಷದ ಹಿಂದೆ ಮಗಳು ಕೂತಿದ್ದು ಅದೇ ಸಾಲಿನ ಮೇಲೆ.

ಮಾವ ಪಕ್ಕದ ತೋಟದವರ ಸ್ಕೂಟರಿನಲ್ಲಿ, ಕೋಲು ಹಿಡಿದುಕೊಂಡೇ ಬಂದರು. ಬೈತಾರೆ ಅಂದುಕೊಂಡಿದ್ದೆ. ನನ್ನ ತಲೆ, ಕೈ ಎಲ್ಲ ಮುಟ್ಟಿ ನೋಡಿದ ಮೇಲೆ ಎರಡೇ ಪ್ರಶ್ನೆ ಕೇಳಿದರು.

"ಎಷ್ಟು ಚೀಲ ಹಾಕಿದ್ದೆ ಮಾರಾಯ್ತಿ?"

"ಏಳು."

"ಮೂಕಿ ಎತ್ತಿ ನೋಡಿದ್ಯಾ?"

"ಎತ್ತಿದ್ದೆ ಮಾವ. ಹಗುರ ಇತ್ತು."

ಅವರು ತಲೆ ಅಲ್ಲಾಡಿಸಿದರು. "ಹಗುರ ಇದ್ರೆ ಹೊರಡಬಾರದು" ಅಂದರು.

ಆ ಸಂಜೆ ಮತ್ತು ಮರುದಿನ ಅವರ ಹತ್ತಿರ ಕೂತು ಕಲಿತದ್ದನ್ನು, ಆಮೇಲೆ ನಾನೇ ಓದಿ, ಲೆಕ್ಕ ಹಾಕಿ ನೋಡಿದ್ದನ್ನು ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ಊರಿನ ಹಳೇ ಜೀಪು, ಅಜ್ಜನ ಕಾಲದ ಕಾರನ್ನು ಮತ್ತೆ ರಸ್ತೆಗಿಳಿಸಿ, ಹಿಂದೊಂದು ಟ್ರೇಲರ್ ಹಾಕಿಕೊಂಡು ಹೋಗುವ ಆಸೆ ನನ್ನ ಗೆಳೆಯರಲ್ಲೇ ನಾಲ್ಕೈದು ಜನಕ್ಕಿದೆ. ಆಸೆ ತಪ್ಪಲ್ಲ. ನಾವೆಲ್ಲ ಕೇಳುವ ಮೊದಲ ಪ್ರಶ್ನೆ ತಪ್ಪು. 'ಈ ಗಾಡಿ ಎಷ್ಟು ಎಳೆಯುತ್ತೆ?' ಅಂತ ಕೇಳ್ತೀವಿ. ಕೇಳಬೇಕಾದ್ದು 'ಎಷ್ಟನ್ನು ನಿಲ್ಲಿಸುತ್ತೆ?' ಅಂತ.

ನಾಲ್ಕೇ ಚೀಲ ಯಾಕೆ?

ಸಣ್ಣ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರೋದಿಲ್ಲ. ಅದರ ಭಾರವನ್ನೂ ಮುಂದಿನ ಗಾಡಿಯ ಬ್ರೇಕೇ ತಡೆಯಬೇಕು. ಬ್ರಿಟನ್ನಿನಲ್ಲಿ ಇದಕ್ಕೊಂದು ನಿಯಮವೇ ಇದೆ: ಬ್ರೇಕಿಲ್ಲದ ಟ್ರೇಲರ್‌ನ ಒಟ್ಟು ತೂಕ, ಸಾಮಾನೂ ಸೇರಿ, ಎಳೆಯುವ ಗಾಡಿಯ ತೂಕದ ಅರ್ಧಕ್ಕಿಂತ ಹೆಚ್ಚಿರಬಾರದು. ಗಾಡಿ ಎಷ್ಟೇ ದೊಡ್ಡದಾದರೂ 750 ಕೆ.ಜಿ. ದಾಟುವಂತಿಲ್ಲ. ಇದು ಗರಿಷ್ಠ ಮಿತಿ. ಐವತ್ತು ವರ್ಷದ ಗಾಡಿಗೆ, ಮಲೆನಾಡಿನ ಇಳಿಜಾರಿಗೆ ಇದಕ್ಕಿಂತ ಸಾಕಷ್ಟು ಕಡಿಮೆ ಇಟ್ಟುಕೊಳ್ಳೋದು ಜಾಣತನ.

ಈಗ ನಮ್ಮ ಲೆಕ್ಕ ನೋಡಿ. ಜೀಪು ಸುಮಾರು 1000 ಕೆ.ಜಿ. ಅರ್ಧ ಅಂದ್ರೆ 500. ಟ್ರೇಲರನ್ನು ವೇಬ್ರಿಡ್ಜಿನಲ್ಲಿ ತೂಗಿಸಿದಾಗ ಖಾಲಿಯೇ 240 ಕೆ.ಜಿ. ಬಂತು. ಕಾಫಿ ಚೀಲ ಒಂದಕ್ಕೆ 50 ಕೆ.ಜಿ. ನಾಲ್ಕು ಚೀಲ ಹಾಕಿದರೆ ಒಟ್ಟು 440, ಮಿತಿಯೊಳಗೆ. ಐದಕ್ಕೆ 490, ಅಂಚಿನಲ್ಲಿ. ನಾನು ಹಾಕಿದ ಏಳಕ್ಕೆ 590. ಮಾವನಿಗೆ ಬ್ರಿಟನ್ನಿನ ನಿಯಮ ಗೊತ್ತಿರಲಿಲ್ಲ. ಜೀಪಿನ ಪೆಡಲ್ಲೇ ಅವರಿಗೆ ನಾಲ್ಕು ಅಂತ ಹೇಳಿಕೊಟ್ಟಿತ್ತು.

ಖಾಲಿ ಟ್ರೇಲರ್ ಎಷ್ಟು ತೂಗುತ್ತೆ ಅಂತ ನಮ್ಮಲ್ಲಿ ಬಹುತೇಕರಿಗೆ ಗೊತ್ತೇ ಇರೋದಿಲ್ಲ. ಊರಿನ ವೆಲ್ಡಿಂಗ್ ಶಾಪಿನಲ್ಲಿ ದಪ್ಪ ಕಬ್ಬಿಣ ಹಾಕಿ ಗಟ್ಟಿಮುಟ್ಟಾಗಿ ಮಾಡಿಸಿರ್ತೀವಿ. ಅರ್ಧ ಮಿತಿ ಅಲ್ಲೇ ಮುಗಿದಿರುತ್ತೆ. ಒಂದು ಸಲ ವೇಬ್ರಿಡ್ಜಿಗೆ ಹೋಗಿ, ಆ ನಂಬರನ್ನು ಟ್ರೇಲರ್ ಮೇಲೇ ಪೇಂಟಿನಲ್ಲಿ ಬರೆಸಿಬಿಡಿ.

ಮೂಕಿ ಭಾರ

ಎತ್ತಿನ ಗಾಡಿ ಹೊಡೆದವರಿಗೆ ಇದು ಹೇಳಿಕೊಡಬೇಕಿಲ್ಲ. ಭಾರ ಹಿಂದಾದರೆ ಮೂಕಿ ಮೇಲೇಳುತ್ತೆ, ಎತ್ತಿನ ಕುತ್ತಿಗೆಗೆ ಕಣ್ಣಿ ಬಿಗಿಯುತ್ತೆ. ಮುಂದಾದರೆ ಹೆಗಲ ಮೇಲೆ ಬೀಳುತ್ತೆ. ಟ್ರೇಲರ್‌ಗೂ ಅದೇ ಸೂತ್ರ. ಭಾರ ಹಿಂದಾದರೆ ಅದು ಜೀಪಿನ ಹಿಂಭಾಗವನ್ನು ಮೇಲಕ್ಕೆ ಎತ್ತಲು ನೋಡುತ್ತೆ. ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತೆ. ಜೊತೆಗೆ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತೆ. ನನಗೆ ಆದದ್ದು ಅದೇ.

ಸರಿಯಾದ ಅಳತೆ ಇಷ್ಟು: ಟ್ರೇಲರ್‌ನ ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಕೊಕ್ಕೆಯ ಮೇಲೆ ಕೂರಬೇಕು. 440 ಕೆ.ಜಿ.ಗೆ ಸುಮಾರು 44. ಅಳೆಯೋದು ಬಹಳ ಸುಲಭ. ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಮಷೀನ್ ಇರುತ್ತಲ್ಲ, ಅದನ್ನು ತನ್ನಿ. ಟ್ರೇಲರನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಮಷೀನಿನ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಮೂಕಿಯನ್ನು ಅದರ ಮೇಲೆ ಇಡಿ. ಜೀಪಿಗೆ ಸಿಕ್ಕಿಸಿದಾಗ ಎಷ್ಟು ಎತ್ತರದಲ್ಲಿರುತ್ತೋ ಅಷ್ಟೇ ಎತ್ತರ ಇರಲಿ. ಮಷೀನ್ ತೋರಿಸೋದೇ ಮೂಕಿ ಭಾರ. ಕಡಿಮೆ ಇದ್ದರೆ ಒಂದು ಚೀಲ ಮುಂದಕ್ಕೆ ಸರಿಸಿ, ಜಾಸ್ತಿಯಾದರೆ ಹಿಂದಕ್ಕೆ. ಭಾರವಾದದ್ದೆಲ್ಲ ಚಕ್ರದ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ಚೂರು ಮುಂದೆ, ಸಾಧ್ಯವಾದಷ್ಟು ತಳದಲ್ಲಿ ಇರಲಿ. ಹಗ್ಗ ಹಾಕಿ ಬಿಗೀರಿ. ಸಡಿಲ ಸಾಮಾನು ತಿರುವಿನಲ್ಲಿ ಜಾಗ ಬದಲಿಸುತ್ತೆ, ನಿಮ್ಮ ಲೆಕ್ಕವೂ ಬದಲಾಗುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಟ್ರೇಲರ್ ಬಾಲ ಬೀಸಿದರೆ? ಸಮತಟ್ಟು ರಸ್ತೆಯಲ್ಲಾದರೆ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ತಿರುಗಿಸಿ ಸರಿ ಮಾಡಲೂ ಹೋಗಬೇಡಿ. ಸ್ಟೇರಿಂಗ್ ನೇರ ಹಿಡಿದು, ಆಕ್ಸಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೀರಿ. ವೇಗ ಇಳಿದ ಹಾಗೆ ಅದೇ ಸುಮ್ಮನಾಗುತ್ತೆ. ಆಮೇಲೆ ನಿಲ್ಲಿಸಿ, ಸಾಮಾನು ಸರಿಸಿ ಮುಂದುವರಿಯಿರಿ. ಇಳಿಜಾರಿನಲ್ಲಿ ಕಾಲು ತೆಗೆದರೂ ವೇಗ ತಾನಾಗಿ ಇಳಿಯೋದಿಲ್ಲ. ಅದಕ್ಕೇ ಮೂಕಿ ಭಾರವನ್ನು ಮನೆಯಂಗಳದಲ್ಲೇ ನೋಡಬೇಕು.

ಬ್ರೇಕಿಗೆ ಬಿಸಿಯೇ ಶತ್ರು

ಆ ಇಳಿಜಾರಿನಲ್ಲಿ ಜೀಪು, ಟ್ರೇಲರ್, ನಾನು ಸೇರಿ 1650 ಕೆ.ಜಿ. ಮೇಲಿದ್ದೆವು. ಅಷ್ಟು ತೂಕ 100 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿ ಎಷ್ಟು ಗೊತ್ತಾ? 5 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಎಂಜಿನ್ ಅದರಲ್ಲಿ ಪಾಲು ತೆಗೆದುಕೊಳ್ಳದಿದ್ದರೆ ಹೆಚ್ಚುಕಮ್ಮಿ ಅಷ್ಟೂ ಶಾಖ ನಾಲ್ಕು ಬ್ರೇಕ್ ಡ್ರಮ್ಮುಗಳಿಗೆ ಹೋಗುತ್ತೆ.

ಇವತ್ತಿನ ಕಾರುಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುತ್ತೆ, ಗಾಳಿಗೆ ಬೇಗ ತಣಿಯುತ್ತೆ. ಆ ಕಾಲದ ಜೀಪಿನಲ್ಲಿ ನಾಲ್ಕೂ ಕಡೆ ಡ್ರಮ್. ಡ್ರಮ್ ಕಾದರೆ ಹಿಗ್ಗುತ್ತೆ, ಒಳಗಿನ ಶೂಗಳಿಂದ ದೂರ ಸರಿಯುತ್ತೆ. ಅದಕ್ಕೇ ಪೆಡಲ್ ಕೆಳಗೆ ಹೋಗೋದು. ಲೈನರ್ ಕೂಡ ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತೆ.

ಇನ್ನೊಂದು ಗುಟ್ಟು ಬ್ರೇಕ್ ಆಯಿಲ್‌ನಲ್ಲಿದೆ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತೆ. ನಮ್ಮ ಮಲೆನಾಡಿನಲ್ಲಿ ತೇವಕ್ಕೇನು ಬರ! ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕು ಅನ್ನೋದು ಮಾನದಂಡ. ನೀರು ಸೇರಿದ ಹಳೇ ಆಯಿಲ್‌ಗೆ ಅದೇ ಮಾನದಂಡ 140 ಡಿಗ್ರಿ. ಆಯಿಲ್ ಕುದಿದರೆ ಪೈಪಿನೊಳಗೆ ಗುಳ್ಳೆ ಏಳುತ್ತೆ, ಪೆಡಲ್ ಒತ್ತಿದರೆ ಸ್ಪಂಜು ಒತ್ತಿದ ಹಾಗಿರುತ್ತೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಶೆಡ್ಡಿನಲ್ಲಿ ಸುಮ್ಮನೆ ನಿಂತ ಗಾಡಿಗೂ ಈ ಮಾತು ಅನ್ವಯ.

ಮತ್ತೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗಿನ ಕಾರುಗಳಲ್ಲಿ ಬ್ರೇಕಿನ ಪೈಪು ಎರಡು ಪ್ರತ್ಯೇಕ ದಾರಿಯಲ್ಲಿರುತ್ತೆ. ಒಂದು ಸೋರಿದರೂ ಇನ್ನೊಂದು ಕೆಲಸ ಮಾಡುತ್ತೆ. ಹಳೇ ಜೀಪಿನಲ್ಲಿ ಒಂದೇ ದಾರಿ. ಯಾವುದೇ ಒಂದು ಚಕ್ರದ ಹತ್ತಿರ ಸೋರಿದರೂ ನಾಲ್ಕೂ ಹೋಯ್ತು. ಹಾಗಾಗಿ ಹೊರಡುವ ಮೊದಲು ಪೆಡಲನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ. ಹ್ಯಾಂಡ್‌ಬ್ರೇಕ್ ಕೂಡ ಹಿಡಿಯುತ್ತಾ ನೋಡಿ. ಅವತ್ತು ನನ್ನನ್ನು ಕಾಪಾಡಿದ್ದರಲ್ಲಿ ಅದರ ಪಾಲೂ ಇದೆ.

ಇಳಿಯುವಾಗ ಗಾಡಿ ತಡೆಯಬೇಕಾದ್ದು ಎಂಜಿನ್. ಬ್ರೇಕ್ ಅದರ ಸಹಾಯಕ ಮಾತ್ರ. ಇಳಿಜಾರು ಶುರುವಾಗುವ ಮೊದಲೇ, ಗಾಡಿಯನ್ನು ಪೂರ್ತಿ ನಿಲ್ಲಿಸಿ ಒಂದನೇ ಗೇರು ಹಾಕಿಕೊಳ್ಳಿ. ಮಧ್ಯದಲ್ಲಿ ಹಾಕ್ತೀನಿ ಅಂದ್ರೆ ಏನಾಗುತ್ತೆ ಅಂತ ಹೇಳಿದೆನಲ್ಲ. ಮಾವ ಗೇಟಿನ ಹತ್ತಿರ ಪ್ರತಿ ಸಲ ನಿಲ್ಲಿಸಿ, ಇಳಿದು, ಟ್ರೇಲರ್ ಸುತ್ತ ಒಂದು ಸುತ್ತು ಬಂದು ಮತ್ತೆ ಹತ್ತುತ್ತಿದ್ದರು. ನಾವು ಮಕ್ಕಳು ಅದನ್ನು 'ಮಾವನ ಪ್ರದಕ್ಷಿಣೆ' ಅಂತ ನಗ್ತಿದ್ದೆವು. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಬಿಡೋದಂತೂ ಬೇಡವೇ ಬೇಡ. ವೇಗದ ಬಗ್ಗೆ ಒಂದೇ ಮಾತು ನೆನಪಿಡಿ: 20ರಿಂದ 40ಕ್ಕೆ ಹೋದರೆ ಬ್ರೇಕಿನ ಕೆಲಸ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತೆ.

ಕೊಕ್ಕೆ, ಸರಪಳಿ, ಚಕ್ರ, ದೀಪ

ಟ್ರೇಲರ್ ಮಗುಚಿದಾಗ ಕೊಕ್ಕೆಯ ಪಿನ್ನು ಬಾಗಿಹೋಗಿತ್ತು. ಆದರೂ ಟ್ರೇಲರ್ ಕೊರಕಲಿಗೆ ಹೋಗದೆ ಉಳಿದದ್ದು ಮಾವ ಯಾವತ್ತೋ ಹಾಕಿಸಿದ್ದ ಎರಡು ಸರಪಳಿಗಳಿಂದ. ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಹಾಕಬೇಕು. ಕೊಕ್ಕೆ ಬಿಟ್ಟುಹೋದರೂ ಮೂಕಿ ನೆಲಕ್ಕೆ ಚುಚ್ಚದೆ ಸರಪಳಿಯ ತೊಟ್ಟಿಲ ಮೇಲೆ ಬೀಳುತ್ತೆ. ತಿರುವಿಗೆ ಸಾಲುವಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ಜೀಪಿಗೆ ಅಡಿಯಲ್ಲಿ ಗಟ್ಟಿ ಚಾಸಿ ಇರುತ್ತೆ, ಕೊಕ್ಕೆ ಅದಕ್ಕೇ ಬೋಲ್ಟ್ ಆಗಿರುತ್ತೆ. ನಿಮ್ಮ ಮನೆಯಲ್ಲಿರೋದು ಅಂಬಾಸಿಡರ್ ಆದರೆ ಎಚ್ಚರ. ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಆಧಾರ. ಬಂಪರಿಗೋ ಡಿಕ್ಕಿಯ ತಳದ ತಗಡಿಗೋ ಕೊಕ್ಕೆ ಬೆಸೆದು ಎಳೆಯೋಕೆ ಹೋದರೆ ತುಕ್ಕು ಹಿಡಿದ ತಗಡು ಸಮೇತ ಕಿತ್ತು ಬರಬಹುದು. ತಳದ ಗಟ್ಟಿ ಭಾಗಗಳಿಗೆ ಭಾರ ಹಂಚುವ ಹಾಗೆ ಪಟ್ಟಿ ಕೊಟ್ಟು ಮಾಡುವ ಅನುಭವಿ ಮೆಕ್ಯಾನಿಕ್ ಸಿಕ್ಕರೆ ಮಾತ್ರ ಕೈ ಹಾಕಿ.

ಟ್ರೇಲರ್‌ನ ಟೈರು ಸವೆದು ಹಾಳಾಗೋದು ಕಡಿಮೆ, ನಿಂತು ಹಾಳಾಗೋದೇ ಹೆಚ್ಚು. ಗುಂಡಿ ಆಳ ಇದ್ದರೂ ಪಕ್ಕದ ಗೋಡೆಯಲ್ಲಿ ಬಿರುಕಿದ್ದರೆ ಬದಲಿಸಿ. ಟೈರಿನ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ಟ್ರೇಲರ್‌ನ ಎರಡೂ ಹಬ್ಬಿನ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿ. ಒಂದು ಕಡೆ ಹೆಚ್ಚು ಕಾದಿದ್ದರೆ ಬೇರಿಂಗಿನ ಗ್ರೀಸ್ ಒಣಗಿದೆ.

ಸಾಧ್ಯವಾದರೆ ಟ್ರೇಲರ್‌ಗೆ ಗಾಡಿಯದ್ದೇ ಅಳತೆಯ ಚಕ್ರ ಹಾಕಿಸಿ, ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತೆ. ಇದು ಎರಡನೇ ಮಹಾಯುದ್ಧದ ಕಾಲದ ಜಾಣತನ. ಅಮೆರಿಕದ ಬ್ಯಾಂಟಮ್ ಅನ್ನೋ ಚಿಕ್ಕ ಕಂಪನಿ 1940ರಲ್ಲಿ ಸೈನ್ಯಕ್ಕಾಗಿ ಜೀಪಿನ ಮೊದಲ ಮಾದರಿ ತಯಾರಿಸಿಕೊಟ್ಟಿತು. ಆದರೆ ಲಕ್ಷಗಟ್ಟಲೆ ಜೀಪು ತಯಾರಿಸುವ ದೊಡ್ಡ ಆರ್ಡರ್ ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಜೀಪು ಹೆತ್ತ ಬ್ಯಾಂಟಮ್ ಯುದ್ಧ ಮುಗಿಯುವವರೆಗೆ ಜೀಪಿನ ಹಿಂದೆ ಕಟ್ಟುವ ಕಾಲು ಟನ್ ಟ್ರೇಲರ್ ತಯಾರಿಸಿತು. ಅದಕ್ಕೆ ಜೀಪಿನದ್ದೇ ಚಕ್ರ, ಜೊತೆಗೆ ನಿಲ್ಲಿಸಿದಾಗ ಹಾಕಲು ಅದರದ್ದೇ ಒಂದು ಪಾರ್ಕಿಂಗ್ ಬ್ರೇಕ್.

ದೀಪದ ವಿಷಯಕ್ಕೆ ಬಂದರೆ, ಹಳೇ ಗಾಡಿಯ ಡೈನಮೊ ಇಂದಿನ ಆಲ್ಟರ್ನೇಟರಿನಷ್ಟು ಕರೆಂಟ್ ಕೊಡೋದಿಲ್ಲ, ಎಂಜಿನ್ ನಿಧಾನವಿದ್ದಾಗ ಇನ್ನೂ ಕಡಿಮೆ. ಟ್ರೇಲರ್‌ಗೆ ಎಲ್‌ಇಡಿ ದೀಪ ಹಾಕಿದರೆ ಹೊರೆ ತಪ್ಪುತ್ತೆ. ಹಾಕುವ ಮೊದಲು ಗಾಡಿ 6 ವೋಲ್ಟಿನದ್ದೋ 12 ವೋಲ್ಟಿನದ್ದೋ ನೋಡಿ. ಹಳೇ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಕೊಟ್ಟಿರೋದು ಸಾಮಾನ್ಯ, ಅದಕ್ಕೆ ಎಲ್‌ಇಡಿ ತಂತಿ ತಿರುಗಿಸಿ ಕೊಡಬೇಕಾಗುತ್ತೆ. ದೀಪ ಕೈಕೊಟ್ಟರೂ ಕಾಣೋ ಹಾಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು.

ಕಾಗದಪತ್ರ

ಕಾನೂನಿನ ಪ್ರಕಾರ ಟ್ರೇಲರ್ ಕೂಡ ಒಂದು ವಾಹನವೇ. ಅದಕ್ಕೂ ಪ್ರತ್ಯೇಕ ನೋಂದಣಿ ಬೇಕು, ವಿಮೆಯನ್ನೂ ಕೇಳಿ ಮಾಡಿಸಿ. ಖಾಸಗಿ ಗಾಡಿಯ ಆರ್‌ಸಿ 15 ವರ್ಷದ ನಂತರ ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾವ ಅದನ್ನು ತಪ್ಪಿಸಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಬೇರೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ 'ವಿಎ' ಅಕ್ಷರವಿರುವ ವಿಶೇಷ ನಂಬರ್ ಸಿಗುತ್ತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಕೇಳೋಕೆ ಚೆನ್ನಾಗಿದೆ, ಆದರೆ ಒಂದು ಷರತ್ತಿದೆ. ಆ ನಂಬರಿನ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಹಾಗಾಗಿ ಕಾಫಿ ಚೀಲ ಎಳೆಯುವ ಜೀಪಿಗೆ ಆ ನಂಬರ್ ಹೊಂದೋದಿಲ್ಲ. ನಿಮ್ಮ ಗಾಡಿಯಿಂದ ನಿಮಗೇನು ಬೇಕು ಅಂತ ಮೊದಲು ತೀರ್ಮಾನಿಸಿ.

ಕೊನೆಯದಾಗಿ, ಟ್ರೇಲರ್‌ನಲ್ಲಿ ಯಾರನ್ನೂ ಕೂರಿಸಬೇಡಿ. ತೋಟದೊಳಗೇ ಆದರೂ, ಹತ್ತೇ ನಿಮಿಷ ಆದರೂ, ಮಕ್ಕಳು ಅತ್ತರೂ. ನಾವು ಕೂತು ಬೆಳೆದವರು, ನಮಗೇನೂ ಆಗಲಿಲ್ಲ ಅನ್ನೋದು ಕಾರಣವಲ್ಲ. ನಮಗೆ ಏನೂ ಆಗದ ಹಾಗೆ ಮಾವ ಗೇಟಿನ ಹತ್ತಿರ ನಿಲ್ಲಿಸಿ ಪ್ರದಕ್ಷಿಣೆ ಹಾಕ್ತಿದ್ದರು. ಅಷ್ಟಾದರೂ ಅದು ಸರಿಯಿರಲಿಲ್ಲ ಅಂತ ಈಗ ಅವರೇ ಹೇಳ್ತಾರೆ.

ಯುಗಾದಿಗೆ ಮತ್ತೆ ಹೋಗಿದ್ದೆವು. ಟ್ರೇಲರ್ ರಿಪೇರಿಯಾಗಿ ಬಂದಿತ್ತು. ಗೊಬ್ಬರದ ನಾಲ್ಕು ಚೀಲ ತರೋದಿತ್ತು. "ನೀನೇ ಹೋಗು" ಅಂದರು ಮಾವ. ಹೋಗುವಾಗ ಬೆಂಗಳೂರಿನಿಂದ ತೂಕದ ಮಷೀನ್ ತೆಗೆದುಕೊಂಡು ಹೋಗಿದ್ದೆ. ಗೊಬ್ಬರದ ಅಂಗಡಿಯ ಮುಂದೆ ಚಕ್ರಕ್ಕೆ ಕಲ್ಲು ಕೊಟ್ಟು, ಮರದ ತುಂಡಿಟ್ಟು ಮೂಕಿ ಇಳಿಸಿದಾಗ ಸುತ್ತ ನಾಲ್ಕು ಜನ ನಿಂತು ನೋಡಿದರು. ಮಗಳು ಬಗ್ಗಿ ನಂಬರ್ ಓದಿದಳು. "ಇಪ್ಪತ್ತೆಂಟು ಅಮ್ಮಾ."

ಸಾಲದು. ಒಂದು ಚೀಲ ಮುಂದಕ್ಕೆ ಸರಿಸಿದೆವು. "ನಲವತ್ತೈದು!" ಅಂತ ಕೂಗಿದಳು.

ಆಮೇಲೆ ಅವಳು ಬಂದು ಜೀಪಿನ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಒಂದನೇ ಗೇರಿನಲ್ಲಿ ಹೊರಟೆವು.